ಮುರಗೋಡ ಕಾಕಾನ ನೀರಿನ ಇಲಾಖೆ

ಕಳೆದ ಶನಿವಾರ ಗೆಳತಿಯ ಮಗಳನ್ನು ಈಜಿನ ಕ್ಲಾಸಿಗೆ ಬಿಡಲು ರೆಕ್ಸ್‌ಡೇಲಿನ ಕಮ್ಯುನಿಟಿ ಸೆಂಟರಿಗೆ ಹೋಗಿದ್ದೆ. ಗಾಜಿನ ಬಾಗಿಲು ತಳ್ಳಿದ್ದೇ ತಡ, ಬೆಚ್ಚನೆಯ ಗಾಳಿಯ ಜೊತೆ ಕ್ಲೋರಿನ್ ವಾಸನೆ ಮೂಗಿಗೆ ಬಡಿಯಿತು. ಹುಡುಗಿ ನನ್ನ ಕೈಯಿಂದ ಟವೆಲ್ ಕಿತ್ತುಕೊಂಡು ಓಡಿದಳು. ನಾನು ಬೆಂಚಿನ ಮೇಲೆ ಕೂತವಳು ಅರ್ಧ ತಾಸು ನೀರನ್ನೇ ನೋಡುತ್ತ ಉಳಿದೆ. ದಿನವಿಡೀ ಕ್ಲೋರಿನ್ ಜೊತೆಗೇ ಕೆಲಸ ಮಾಡುವವಳು ನಾನು. ಒಂದು ನಗರದ ನೀರಿನ ಇಲಾಖೆಯಲ್ಲಿ ಸ್ಯಾಂಪಲ್ ತೆಗೆಯುವುದೇ ನನ್ನ ನೌಕರಿ. ಅಲ್ಲಿ ಆ ವಾಸನೆ ಏನನ್ನೂ ನೆನಪಿಸುವುದಿಲ್ಲ. ಈಜುಕೊಳದ್ದು ಬೇರೆ. ಅದು ನನ್ನನ್ನು ನೇರವಾಗಿ ೨೦೧೭ರ ಬೇಸಿಗೆಗೆ, ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯ ಇಪ್ಪತ್ತು ಮಹಡಿಯ ಕಟ್ಟಡವೊಂದರ ಬೇಸ್‌ಮೆಂಟಿಗೆ, ಮುರಗೋಡ ಕಾಕಾನ ಪಕ್ಕಕ್ಕೆ ಕರೆದೊಯ್ಯುತ್ತದೆ.

ಆಗ ನಾನು ಗದಗಿನಿಂದ ಒಂಟಾರಿಯೋ ಸರೋವರದ ದಂಡೆಯ ಈ ಊರಿಗೆ ಬಂದು ಒಂದು ವರ್ಷ ಆಗಿತ್ತು. ಕಾಲೇಜೊಂದರಲ್ಲಿ ನೀರು ಶುದ್ಧೀಕರಣದ ಡಿಪ್ಲೊಮಾ ಓದುತ್ತಿದ್ದೆ, ವಾರಕ್ಕೆ ಮೂರು ದಿನ ಡೋನಟ್ ಅಂಗಡಿಯಲ್ಲಿ ಶಿಫ್ಟು. ಬೆಳಗಾವಿಯ ವಿದ್ಯಾಕ್ಕನ ಮನೆಯಲ್ಲಿ, ಆರನೇ ಮಹಡಿಯಲ್ಲಿ, ಒಂದು ಕೋಣೆ ಬಾಡಿಗೆ ಹಿಡಿದಿದ್ದೆ. ವಿದ್ಯಾಕ್ಕ ಔಷಧಿ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಗಂಡ ಆ ವರ್ಷ ಕೆಲಸಕ್ಕಾಗಿ ದೂರದ ಆಲ್ಬರ್ಟಾ ಪ್ರಾಂತ್ಯದಲ್ಲಿದ್ದರು. ಹಾಗಾಗಿ ಎಂಟು ವರ್ಷದ ಮಗಳು ಮೀರಾಳನ್ನು ಸ್ಕೂಲಿನಿಂದ ಕರೆತರಲು, ನೋಡಿಕೊಳ್ಳಲು ತನ್ನ ಅಪ್ಪನನ್ನು ಕರೆಸಿಕೊಂಡಿದ್ದಳು. ಅವರೇ ಶಂಕರಪ್ಪ ಮುರಗೋಡ, ನನ್ನ ಬಾಯಲ್ಲಿ ಮುರಗೋಡ ಕಾಕಾ.

ಕಾಕಾ ಬಂದದ್ದು ಮಾರ್ಚಿನಲ್ಲಿ, ಹಿಮ ಇನ್ನೂ ಕರಗಿರಲಿಲ್ಲ. ಬೆಳಿಗ್ಗೆ ಐದಕ್ಕೇ ಎದ್ದು ಗಡ್ಡ ಕೆರೆದು, ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು ಸೋಫಾದ ಮೇಲೆ ಕೂತುಬಿಡುತ್ತಿದ್ದರು. ಆಮೇಲೆ ಮಾಡಲು ಏನೂ ಇರುತ್ತಿರಲಿಲ್ಲ. ಮೀರಾಳಿಗೆ ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ‘ಏನ್ ಕಲಿಸಿದ್ರವಾ ಇವತ್ತು ಸಾಲ್ಯಾಗ?’ ಎಂದು ಅವರು ಕೇಳಿದರೆ, ‘ನಥಿಂಗ್, ಅಜ್ಜಾ’ ಎಂದು ಅವಳು ಟ್ಯಾಬ್ಲೆಟ್ ಹಿಡಿದು ಕೂತುಬಿಡುತ್ತಿದ್ದಳು. ಲಿಫ್ಟಿನಲ್ಲಿ ಹನ್ನೆರಡರ ಗುಂಡಿಯ ಮೇಲೆ ಹದಿನಾಲ್ಕು ಇರುವುದನ್ನು ಕಂಡು ಮೊದಲ ದಿನ ಅವರು, ‘ಹದಿಮೂರು ಎಲ್ಲಿ ಹೋತವಾ?’ ಎಂದು ನನ್ನನ್ನು ಕೇಳಿದ್ದರು. ಇಲ್ಲಿಯವರು ಅದನ್ನು ಅಪಶಕುನ ಅನ್ನುತ್ತಾರೆ ಎಂದು ಹೇಳಿದಾಗ, ‘ನಮ್ಮ ಸಾಹೇಬ್ರು ಹಿಂಗ ಒಂದು ಮಜಲಿ ಬಿಟ್ಟು ಲೆಕ್ಕ ಕೊಟ್ಟಿದ್ರ ಕೋರ್ಟ್ ಮಾರ್ಷಲ್ ಆಗ್ತಿತ್ತು’ ಎಂದು ನಕ್ಕಿದ್ದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೇ ತಿಂಗಳಲ್ಲಿ ನಮಗೊಂದು ಅಸೈನ್‌ಮೆಂಟ್ ಬಂತು. ನೀರಿನ ಯೋಜನೆ ನಡೆಸುವ ಯಾವುದಾದರೂ ಒಂದು ಸಂಸ್ಥೆಯನ್ನು ಆರಿಸಿಕೊಂಡು ಅದು ಮೇಲಿನಿಂದ ಕೆಳಗಿನವರೆಗೆ ಹೇಗೆ ರಚನೆಯಾಗಿದೆ ಎಂದು ಬರೆಯಬೇಕಿತ್ತು. ಸರೋವರದ ಆಚೆ ದಡದ ಅಮೆರಿಕದಲ್ಲಿ ಅಣೆಕಟ್ಟು, ಕಾಲುವೆಗಳನ್ನು ಸೈನ್ಯದ ಇಂಜಿನಿಯರುಗಳೇ ನೋಡಿಕೊಳ್ಳುತ್ತಾರೆ ಎಂದು ಮೇಷ್ಟ್ರು ಉದಾಹರಣೆ ಕೊಟ್ಟಿದ್ದರು. ರಾತ್ರಿ ಊಟಕ್ಕೆ ಕೂತಾಗ ಅದನ್ನು ಹೇಳಿದೆ. ಕಾಕಾ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿ ಇಟ್ಟರು.

‘ಅಮೆರಿಕಾ ಯಾಕವಾ? ನಮ್ಮಲ್ಲೂ ಸೈನ್ಯಕ್ಕ ಅಂತ ಬ್ಯಾರೇನ ಇಂಜಿನಿಯರಿಂಗ್ ಇಲಾಖೆ ಐತಿ. ಮೂವತ್ನಾಕು ವರ್ಷ ಅದರಾಗ ನೀರು ಕೊಟ್ಟೀನಿ ನಾನು.’

ವಿದ್ಯಾಕ್ಕ ತಲೆ ಎತ್ತಿದಳು. ‘ಅಪ್ಪಾ, ನೀ ಪಂಪ್ ನೋಡ್ಕೊಂತಿದ್ದಿ ಅಂತ ಅಷ್ಟ ಗೊತ್ತು ನಂಗ.’

‘ನೀವು ಯಾರೂ ಕೇಳಲಿಲ್ಲಲ್ಲ’ ಎಂದರು ಕಾಕಾ.

ಅಂದಿನಿಂದ ಸಂಜೆಗಳು ತುಂಬಿಕೊಂಡವು. ಪಿಜ್ಜಾ ಅಂಗಡಿಯ ಜಾಹೀರಾತಿನ ಹಿಂಬದಿಯಲ್ಲಿ, ಮೀರಾಳ ಬಣ್ಣದ ಕಡ್ಡಿಗಳಿಂದ ಕಾಕಾ ಇಲಾಖೆಯನ್ನು ಬಿಡಿಸಿದರು. ಎಲ್ಲಕ್ಕಿಂತ ಮೇಲೆ ದಿಲ್ಲಿಯಲ್ಲಿ ಕೂರುವ ಮುಖ್ಯಸ್ಥ, ಆತ ಸಮವಸ್ತ್ರದ ಜನರಲ್. ಕೆಳಗೆ ದೇಶದ ಒಂದೊಂದು ಭಾಗಕ್ಕೆ ಒಬ್ಬ ಚೀಫ್ ಇಂಜಿನಿಯರ್. ಅವನ ಕೈಕೆಳಗೆ ಹಲವು ಕಂಟೋನ್ಮೆಂಟುಗಳ, ಅಂದರೆ ಸೈನಿಕ ನೆಲೆಗಳ, ಕಾಮಗಾರಿ ನೋಡುವ ಕಮಾಂಡರ್. ಆಮೇಲೆ ಒಂದೊಂದು ಕಂಟೋನ್ಮೆಂಟಿಗೆ ಒಬ್ಬ ಗ್ಯಾರಿಸನ್ ಇಂಜಿನಿಯರ್. ಅಲ್ಲಿಂದ ದಾರಿ ಎರಡಾಗುತ್ತದೆ: ಕಟ್ಟಡ ಮತ್ತು ರಸ್ತೆಯವರು ಒಂದು ಕಡೆ, ಕರೆಂಟು ಮತ್ತು ಯಂತ್ರದವರು ಇನ್ನೊಂದು ಕಡೆ. ಯಂತ್ರದ ಕಡೆ, ಕಾಗದದ ತುದಿಯಲ್ಲಿ, ಕಾಕಾ ಒಂದು ಚಿಕ್ಕ ಚೌಕ ಬರೆದು ‘ಜೂನಿಯರ್ ಇಂಜಿನಿಯರ್, ನಾನು’ ಎಂದರು.

‘ಇದರ ಕೆಳಗ ಯಾರಿಲ್ಲೇನ್ರಿ ಕಾಕಾ?’

‘ಅದಾರ. ಪಂಪ್ ಆಪರೇಟರ್, ಫಿಟ್ಟರ್, ವಾಲ್ವ್‌ಮ್ಯಾನ್. ಸಾಹೇಬ್ರು ಮೂರು ವರ್ಷಕ್ಕೊಮ್ಮೆ ಬದಲಿ ಆಗ್ತಾರವಾ. ಪೈಪು ಯಾವ ಮರದ ಬುಡಕ ಹೋಗೇತಿ ಅಂತ ಗೊತ್ತಿರೂದು ವಾಲ್ವ್‌ಮ್ಯಾನಗ. ಅವ ಸಿವಿಲಿಯನ್, ಅಲ್ಲೇ ಇರ್ತಾನ.’ ಸ್ವಲ್ಪ ಯೋಚಿಸಿ ಮತ್ತೆ ಹೇಳಿದರು. ‘ಆರ್ಡರ್ ಮ್ಯಾಲಿಂದ ತಾನಾಗೇ ಇಳೀತೈತಿ. ಕಂಪ್ಲೇಂಟ್ ಕೆಳಗಿಂದ ಮ್ಯಾಲ ಏರಬೇಕಂದ್ರ ಅದಕ್ಕೂ ಒಂದು ಪಂಪ್ ಬೇಕು.’

ಮೀರಾ ಪಕ್ಕದಲ್ಲಿ ಕೂತು ಜನರಲ್‌ಗೆ ಮೀಸೆ ಬರೆಯುತ್ತಿದ್ದಳು. ಆ ವಾರ ಅವಳು ಒಂದೆರಡು ಸಲ ಕನ್ನಡದಲ್ಲೇ ಪ್ರಶ್ನೆ ಕೇಳಿದಳು ಎಂದು ವಿದ್ಯಾಕ್ಕ ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದಳು.

ಆ ವರ್ಷದ ವಸಂತದಲ್ಲಿ ಮಳೆ ಬಿಡುವು ಕೊಡಲಿಲ್ಲ. ಒಂಟಾರಿಯೋ ಸರೋವರ ದಂಡೆ ಮೀರಿ ಬಂದು, ಎದುರಿನ ದ್ವೀಪಗಳ ಪಾರ್ಕು ಮುಳುಗಿತ್ತು. ನಮ್ಮ ಕಟ್ಟಡದ ಹಿಂದಿನ ಕಣಿವೆಯಲ್ಲಿ ಡಾನ್ ನದಿ ಕೆಂಪಗೆ ಹರಿಯುತ್ತಿತ್ತು. ಬೇಸ್‌ಮೆಂಟ್ ಪಾರ್ಕಿಂಗಿನ ನೆಲದಲ್ಲಿ ಒರತೆ ಎದ್ದಿತ್ತು. ರಂಜಾನ್ ಶುರುವಾದ ಮೊದಲ ವಾರದಲ್ಲೇ ರಸ್ತೆಯಿಂದ ಕಟ್ಟಡದೊಳಗೆ ಬರುವ ದೊಡ್ಡ ನೀರಿನ ಪೈಪು ಬೇಸ್‌ಮೆಂಟಿನಲ್ಲಿ ಒಡೆಯಿತು. ಇಪ್ಪತ್ತು ಮಹಡಿಗೂ ನೀರು ನಿಂತಿತು. ಕಟ್ಟಡದಲ್ಲಿ ಹೆಚ್ಚಿನವರು ಅಫ್ಘಾನಿಸ್ತಾನ, ಪಾಕಿಸ್ತಾನ, ಗುಜರಾತಿನಿಂದ ಬಂದ ಮುಸಲ್ಮಾನ ಕುಟುಂಬಗಳು, ಉಪವಾಸದಲ್ಲಿದ್ದವರು. ಎರಡು ದಿನ ಬಾಟಲಿ ನೀರು ಹೊತ್ತು ಮೆಟ್ಟಿಲು ಹತ್ತಿದೆವು.

ಆ ಎರಡು ದಿನವೂ ಕಾಕಾ ಪಾರ್ಕಿಂಗಿನ ಬಾಯಲ್ಲಿ, ಕೊಡೆ ಹಿಡಿದು, ರಿಪೇರಿಯವರನ್ನು ನೋಡುತ್ತ ನಿಂತಿದ್ದರು. ಮೂರನೆಯ ದಿನ ಮಧ್ಯಾಹ್ನ ಮೂರಕ್ಕೆ ನಲ್ಲಿಗಳು ಕೆಮ್ಮಿದವು. ಕಂದು ನೀರು ಉಗುಳಿದವು, ಕ್ರಮೇಣ ನೀರು ತಿಳಿಯಾಯಿತು. ಕಾರಿಡಾರಿನಲ್ಲಿ ಮಕ್ಕಳು ಚಪ್ಪಾಳೆ ಹೊಡೆದರು. ವಿದ್ಯಾಕ್ಕ ಆಗಷ್ಟೇ ಶಿಫ್ಟು ಮುಗಿಸಿ ಬಂದಿದ್ದಳು, ಲೋಟ ಹಿಡಿದು ನಲ್ಲಿಯ ಹತ್ತಿರ ಹೋದಳು.

‘ಕುಡೀಬ್ಯಾಡ’ ಎಂದರು ಕಾಕಾ. ಅವರ ದನಿ ಅಷ್ಟು ಗಟ್ಟಿಯಾಗಿದ್ದನ್ನು ನಾವು ಕೇಳಿರಲಿಲ್ಲ. ‘ಪೈಪಿನ ಬಾಯಿ ತೆರದ ಇತ್ತು. ರಿಪೇರಿಗೆ ಅಗದ ತೆಗ್ಗಿನಾಗ ನೀರು ತುಂಬಿ ಅದರ ಮ್ಯಾಲ ಬಂದಿತ್ತು. ಆ ತೆಗ್ಗಿನ ಬಾಜೂಕ ಗಟಾರದ ಪೈಪ್ ಐತಿ. ನಾ ಕಣ್ಣಾರೆ ನೋಡೀನಿ. ತೊಳೀಲಿಲ್ಲ, ಔಷಧ ಹಾಕಲಿಲ್ಲ, ವಾಲ್ವ್ ತಿರುವಿ ಹೋಗೇಬಿಟ್ರು.’

ನಾನೂ ಕಾಕಾನೂ ಕೆಳಗೆ ಹೋದೆವು. ಕಟ್ಟಡದ ಉಸ್ತುವಾರಿ ಡೆಸ್ಮಂಡ್ ಒಳ್ಳೆಯವನು, ಎರಡು ದಿನದಿಂದ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು. ನೀರು ಸರಿಯಾಗಿದೆ ಎಂದು ಮ್ಯಾನೇಜ್‌ಮೆಂಟಿನಿಂದ ಫೋನ್ ಬಂದಿದೆ, ತನ್ನ ಕೈಯಲ್ಲಿ ಏನೂ ಇಲ್ಲ ಎಂದ. ಕಾಕಾ ಹೇಳಿದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ‘ಕ್ಲೋರಿನ್ ನೋಡೂ ಸಾಮಾನು ಐತೇನು ಕೇಳು’ ಎಂದರು. ಆಗ ನನಗೆ ಹೊಳೆಯಿತು. ಬೇಸ್‌ಮೆಂಟಿನಲ್ಲಿ ಮುಚ್ಚಿಟ್ಟ ಈಜುಕೊಳವಿತ್ತು. ಡೆಸ್ಮಂಡ್ ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿ ಬೀಗದಕೈ ಗೊಂಚಲು ತೆಗೆದ.

ಕೊಳದ ಕೋಣೆಯ ಕಪಾಟಿನಲ್ಲಿ ಪ್ಲಾಸ್ಟಿಕ್ ಡಬ್ಬಿಯೊಂದು ಸಿಕ್ಕಿತು: ಪುಟ್ಟ ಗಾಜಿನ ನಳಿಕೆಗಳು, ಹನಿ ಹಾಕುವ ಶೀಸೆ. ಕಾಕಾ ಶೀಸೆ ತೆರೆದು ಮೂಸಿ, ‘ಅಯ್ಯೋ, ಇದು ನಮ್ಮ ಇಲಾಖೀದ!’ ಎಂದರು. ನೀರಿಗೆ ಐದು ಹನಿ ಹಾಕಿದರೆ, ಕ್ಲೋರಿನ್ ಇದ್ದಲ್ಲಿ ಹಳದಿ ಬಣ್ಣ ಬರುತ್ತದೆ. ಲಾಬಿಯ ನಲ್ಲಿಯ ನೀರು ನಿಂಬೆಹಣ್ಣಿನಂತೆ ಹಳದಿಯಾಯಿತು. ಆರನೇ ಮಹಡಿಯದು ಮಾಸಲು. ಎಲ್ಲಕ್ಕಿಂತ ಮೇಲಿನ ಮಹಡಿಯ ಕಸದ ಕೋಣೆಯ ನಲ್ಲಿಯಿಂದ ಹಿಡಿದ ನೀರಿಗೆ ಕಾಕಾ ಐದು ಹನಿ, ಆಮೇಲೆ ಇನ್ನೂ ಐದು ಹನಿ ಹಾಕಿದರು. ಏನೂ ಬಣ್ಣ ಬರಲಿಲ್ಲ.

‘ಕೆಳಗ ಊರಿನ ಹೊಸಾ ನೀರು ಬಂದೈತಿ. ಮ್ಯಾಲ ಮೊದಲನೇ ಗುಟುಕು ನಿಂತೈತಿ, ತೆಗ್ಗಿಂದು. ಕ್ಲೋರಿನ್ ಎಲ್ಲಾ ಆ ಹೊಲಸು ತಿಂದುಬಿಟ್ಟೈತಿ.’

ನಗರದ ಕಚೇರಿಗೆ ಫೋನ್ ಮಾಡಿದೆ. ಅವರು ಎಲ್ಲ ವಿವರ ಬರೆದುಕೊಂಡು, ಬೆಳಿಗ್ಗೆ ಮೊದಲ ಕೆಲಸವಾಗಿ ಇನ್‌ಸ್ಪೆಕ್ಟರ್ ಬರುತ್ತಾರೆ, ಅಲ್ಲಿಯವರೆಗೆ ಯಾರೂ ಕುಡಿಯದಂತೆ ನೋಡಿಕೊಳ್ಳಿ ಎಂದರು. ಕಾಕಾ ಲಾಬಿಯ ಗಡಿಯಾರ ನೋಡಿದರು. ಐದು ಗಂಟೆ.

‘ಇವರು ಉಪವಾಸ ಬಿಡೂದು ಎಷ್ಟಕ್ಕ?’

‘ಸೂರ್ಯ ಮುಳುಗೂದು ಒಂಬತ್ತರ ಹತ್ತಿರ ರೀ.’

‘ಹಂಗಾರ ಒಂಬತ್ತಕ್ಕ ಒಂದ ನಿಮಿಷದಾಗ ಇಡೀ ಬಿಲ್ಡಿಂಗ್ ಗ್ಲಾಸ್ ಎತ್ತತೈತಿ’ ಎಂದರು.

ಆಮೇಲೆ ನಾನು ಕಂಡದ್ದು ಮೂವತ್ನಾಲ್ಕು ವರ್ಷದ ಇಲಾಖೆಯನ್ನು. ಡೆಸ್ಮಂಡನ ಮೇಜಿನ ಮೇಲೆ ಕಾಗದ ಹಾಸಿ ಕಟ್ಟಡವನ್ನು ಐದು ಭಾಗ ಮಾಡಿದರು. ನಾಲ್ಕು ನಾಲ್ಕು ಮಹಡಿಗೆ ಒಬ್ಬರು. ನಾನು, ಡೆಸ್ಮಂಡ್, ಲಾಬಿಯಲ್ಲಿ ಸಿಕ್ಕ ಒಬ್ಬ ಟ್ಯಾಕ್ಸಿ ಡ್ರೈವರ್, ಒಬ್ಬ ಟೀಚರಮ್ಮ, ಮಸೀದಿಯಲ್ಲಿ ಸ್ವಯಂಸೇವೆ ಮಾಡುವ ಒಬ್ಬ ಗುಜರಾತಿ ಅಂಗಡಿಯವರು. ಬರೆದಿಟ್ಟುಕೊಳ್ಳಲು ವಿದ್ಯಾಕ್ಕ. ‘ನಮ್ಮಲ್ಲಿ ಪಂಪಿಗೆ ಒಬ್ಬ, ನಲ್ಲಿಗೆ ಒಬ್ಬ ಇದ್ದ. ಇಲ್ಲಿ ಹಂಗ ಬ್ಯಾಡ. ನಿನ್ನ ನಾಕು ಮಜಲಿ ಅಂದ್ರ ಎಲ್ಲಾ ನಿಂದ. ಪ್ರತಿ ಬಾಗಿಲಾ ಬಡಿ. ಮನುಷ್ಯಾನ ಮುಖ ನೋಡಿ ಹೇಳಿದ್ರ ಟಿಕ್. ಬಾಗಿಲಾ ತೆಗೀಲಿಲ್ಲಂದ್ರ ಸೊನ್ನಿ ಹಾಕು, ತಿರುಗಿ ಹೋಗು. ಸೊನ್ನಿ ಹಾಕಾಕ ನಾಚಬ್ಯಾಡ್ರಿ.’ ಕೊನೆಯ ಮಾತನ್ನು ಅವರೇ ಸೈನ್ಯದ ಹಿಂದಿಯಲ್ಲಿ ಎಲ್ಲರಿಗೂ ಹೇಳಿದರು. ಟ್ಯಾಕ್ಸಿಯವನು ಎದ್ದು ನಿಂತು ‘ಜೀ ಸಾಬ್’ ಎಂದ. ತಮಾಷೆಗೆ ಹೇಳಿದ್ದಲ್ಲ.

ನನ್ನ ಪಾಲಿಗೆ ಬಂದದ್ದು ಹದಿನಾಲ್ಕರಿಂದ ಹದಿನೇಳು. ಲಿಫ್ಟುಗಳು ತುಂಬಿದ್ದರಿಂದ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದಲ್ಲೆಲ್ಲ ಪಕೋಡದ ಎಣ್ಣೆಯ ಪರಿಮಳ, ಹೆಂಗಸರ ಬೆವರಿದ ಮುಖ. ಕೆಲವರು ನಂಬಲಿಲ್ಲ: ‘ನೀರು ತಿಳಿಯಾಗಿದೆಯಲ್ಲ?’ ನಾನು ನಳಿಕೆ ತೋರಿಸಿ ಅಲ್ಲೇ ಹನಿ ಹಾಕುತ್ತಿದ್ದೆ. ಒಬ್ಬ ಅಜ್ಜಿ ಜಗ್ಗಿನಲ್ಲಿ ಕಲಸಿಟ್ಟ ಗುಲಾಬಿ ಶರಬತ್ತನ್ನು ನನ್ನೆದುರೇ ಸಿಂಕಿಗೆ ಸುರಿದು, ‘ಬೇಟೀ, ಶುಕ್ರಿಯಾ’ ಎಂದು ಗಲ್ಲ ಹಿಡಿದರು. ಬಾಗಿಲಿಗೆ ಸಿಕ್ಕಿಸಲೆಂದು ಟೀಚರಮ್ಮ ಉರ್ದುವಿನಲ್ಲಿ ಬರೆದು ಕೊಟ್ಟಿದ್ದ ಎಚ್ಚರಿಕೆಯ ಚೀಟಿಗಳು ಹದಿನೈದನೇ ಮಹಡಿಯಲ್ಲೇ ಮುಗಿದವು.

೧೬೦೯ರ ಬಾಗಿಲನ್ನು ಮೂರು ಸಲ ಬಡಿದೆ. ಯಾರೂ ತೆರೆಯಲಿಲ್ಲ. ಬಾಗಿಲ ಪಕ್ಕದಲ್ಲಿ ಮಗುವಿನ ತಳ್ಳುಗಾಡಿಯನ್ನು ಮಡಚಿ ನಿಲ್ಲಿಸಿದ್ದರು. ನಾನು ಅದನ್ನು ನೋಡಿದೆ. ನೋಡಿ, ಸೊನ್ನೆ ಹಾಕಿ ಮುಂದೆ ಹೋದೆ. ಹದಿನೇಳು ಮುಗಿಸಿ ಮತ್ತೆ ಹೋಗಬೇಕು ಅಂದುಕೊಂಡೆ. ಹದಿನೇಳು ಮುಗಿದಾಗ ಎಂಟೂ ಮುಕ್ಕಾಲು ಆಗಿತ್ತು. ಹದಿನಾರರಲ್ಲಿ ನಿಲ್ಲದೆ ಕೆಳಗೆ ಇಳಿದೆ. ಲಾಬಿಯಲ್ಲಿ ವಿದ್ಯಾಕ್ಕ ಒಬ್ಬೊಬ್ಬರ ಹಾಳೆ ಇಸಿದುಕೊಳ್ಳುತ್ತಿದ್ದಳು. ಉಳಿದ ನಾಲ್ವರ ಹಾಳೆಯಲ್ಲೂ ಒಂದೇ ಒಂದು ಸೊನ್ನೆ ಇರಲಿಲ್ಲ. ಕೊನೆಯ ಮೆಟ್ಟಿಲ ಮೇಲೆ ನಿಂತು ನಾನು ೧೬೦೯ರ ಸೊನ್ನೆಯನ್ನು ತಿದ್ದಿ ಟಿಕ್ ಮಾಡಿದೆ.

‘ಎಲ್ಲಾ ಮುಟ್ಟೇತೇನವಾ?’ ಎಂದು ಕಾಕಾ ಕೇಳಿದರು.

‘ಮುಟ್ಟೇತ್ರಿ ಕಾಕಾ.’

ಸೂರ್ಯ ಮುಳುಗಿದ. ಮಸೀದಿಯಿಂದ ತಂದ ಬಾಟಲಿಗಳ ಪೆಟ್ಟಿಗೆಗಳನ್ನು ಒಡೆದರು. ಲಾಬಿಯಲ್ಲಿ ನೆರೆದ ಜನ ಒಟ್ಟಿಗೆ ಖರ್ಜೂರ ಬಾಯಿಗಿಟ್ಟು ನೀರು ಕುಡಿದರು. ಅಂಗಡಿಯವರು ಕಾಕಾನ ಕೈಗೂ ಒಂದು ಖರ್ಜೂರ ಕೊಟ್ಟರು. ಕಾಕಾ ಅದನ್ನು ತಿಂದು ಬಾಟಲಿ ಎತ್ತಿ ಕುಡಿದಾಗ, ಮೀರಾ ಅವರ ಪ್ಯಾಂಟು ಹಿಡಿದು ಪಕ್ಕದ ಹುಡುಗಿಗೆ ‘ದಟ್ಸ್ ಮೈ ಅಜ್ಜ’ ಎಂದು ಹೇಳುತ್ತಿದ್ದಳು.

ಬೆಳಿಗ್ಗೆ ನಗರದವರು ಬಂದರು, ಸ್ಯಾಂಪಲ್ ತೆಗೆದರು, ಬಾಗಿಲಿಗೆ ನೋಟೀಸು ಅಂಟಿಸಿದರು. ಇಡೀ ಕಟ್ಟಡದ ಪೈಪುಗಳನ್ನು ಕ್ಲೋರಿನ್ ಹಾಕಿ ತೊಳೆಯಲು ಎರಡು ದಿನ ಹಿಡಿಯಿತು. ಮೇಲಿನ ಮಹಡಿಗಳ ನೀರು ಕೆಟ್ಟಿದ್ದು ಪರೀಕ್ಷೆಯಲ್ಲಿ ಖಚಿತವಾಯಿತು. ಇನ್‌ಸ್ಪೆಕ್ಟರ್ ನಮ್ಮ ಹಾಳೆಗಳನ್ನು ನೋಡಿ ಮೆಚ್ಚಿಕೊಂಡು ಒಂದು ಪ್ರತಿ ಒಯ್ದರು.

ಅದರ ಮಾರನೆಯ ದಿನ ಮಧ್ಯಾಹ್ನ ಆಂಬುಲೆನ್ಸ್ ಬಂತು. ನಾನು ಶಿಫ್ಟಿಗೆ ಹೊರಟಿದ್ದೆ. ‘೧೬೦೯’ ಎಂದ ಡೆಸ್ಮಂಡ್. ‘ಐದು ವಾರದ ಮಗು. ನಿನ್ನೆಯಿಂದ ಭೇದಿ, ಈಗ ಜ್ವರ. ಡಬ್ಬಿಯ ಹಾಲಿನ ಪುಡಿಯನ್ನು ತಾಯಿ ನಲ್ಲಿ ನೀರಲ್ಲಿ ಕಲಸುತ್ತಿದ್ದಳಂತೆ. ಆದರೆ ಆ ಮನೆಗೆ ಹೇಳಿ ಆಗಿತ್ತಲ್ಲ?’

ಅವನು ನನ್ನನ್ನೇ ಕೇಳಿದ್ದು. ನಾನು ಬಸ್ಸು ತಪ್ಪುತ್ತದೆ ಎಂದು ಹೇಳಿ ಹೊರಗೆ ನಡೆದೆ.

ಸಂಜೆ ಕಾಕಾ ಕಣಿವೆಯ ಅಂಚಿನ ಬೆಂಚಿನ ಮೇಲೆ ಕೂತಿದ್ದರು. ಹೋಗಿ ಎಲ್ಲ ಹೇಳಿದೆ. ತಳ್ಳುಗಾಡಿ ನೋಡಿದ್ದನ್ನೂ ಹೇಳಿದೆ. ಅತ್ತೆ. ಅವರು ಬೈಯಲಿಲ್ಲ, ಬೆನ್ನು ಸವರಲೂ ಇಲ್ಲ. ಕೆಳಗಿನ ಹೊಳೆಯನ್ನು ನೋಡುತ್ತ ಮಾತಾಡಿದರು.

‘ನನಗ ಆಗ ಮೂವತ್ತಾರು. ಪಡುವಣ ಗಡಿಯಾಗ ಒಂದು ಕಂಟೋನ್ಮೆಂಟ್. ಪಂಪು, ನೀರಿನ ಟಾಕಿ, ಕ್ಲೋರಿನ್ ನಂದು. ಕ್ವಾರ್ಟರ್ಸಿನ ಒಳಗಿನ ನಲ್ಲಿ, ಗಟಾರ ಕಟ್ಟಡದವ್ರದ್ದು. ಒಂದಿನ ವಾಲ್ವ್‌ಮ್ಯಾನ್ ಬಂದು ಹೇಳಿದ, ಸಾಬ್, ಮೂರನೇ ಸಾಲಿನಾಗ ನೀರಿನ ಪೈಪ್ ಗಟಾರದಾಗ ಸೋರಾಕತ್ತೇತಿ ಅಂತ. ನಾ ಹೋಗಿ ನೋಡೀನಿ. ನಂದಲ್ಲ ಅದು. ಆಫೀಸಿಗೆ ಬಂದು ಚೀಟಿ ಬರದೆ, ಆ ವಿಭಾಗಕ್ಕ ಕಳಿಸೀನಿ, ಫೈಲಿನಾಗ ಸಹಿ ಮಾಡೀನಿ. ನನ್ನ ಪಾಲಿಂದು ಮುಗೀತು. ಆ ಚೀಟಿ ಗ್ಯಾರಿಸನ್ ಇಂಜಿನಿಯರ್ ಟೇಬಲ್‌ಗೆ ಹೋತು, ತಿರುಗಿ ಬಂತು, ಮತ್ತ ಹೋತು. ಇಪ್ಪತ್ತು ದಿನ. ಹುಡುಗ್ರಿಗೆ ಕಾಮಾಲಿ ಬಂತು. ಒಬ್ಬ ಹವಾಲ್ದಾರನ ಮಗಳು ಹೋತು. ಏಳು ವರ್ಷದ್ದು.’

ಕಾಕಾ ಬೆಂಚಿನ ಅಂಚಿಗೆ ಸರಿದು ಕೂತರು.

‘ವಿಚಾರಣೆ ಆತು. ನನ್ನ ಫೈಲ್ ಸ್ವಚ್ಛ ಇತ್ತವಾ. ನನ್ನ ಸಹಿ, ತಾರೀಖು ಎಲ್ಲಾ ಇತ್ತು. ಶಾಬಾಸ್ ಅಂದ್ರು ಸಾಹೇಬ್ರು. ವಾಲ್ವ್ ನನ್ನ ಕೈಯಾಗ ಇತ್ತು. ಆ ಸಾಲಿಂದ ನೀರು ಬಂದ್ ಮಾಡಿದ್ರ ಆಗ್ತಿತ್ತು. ಜನ ಒದರಾಡ್ತಿದ್ರು, ಒದರಾಡ್ಲಿ.’

‘ಆ ಮನಿಗೆ ಹೋಗಿದ್ರೇನ್ರಿ?’

‘ಇಲ್ಲ. ನಾಳೆ ಹೋದ್ರಾತು ಅಂದೆ. ಆ ಹವಾಲ್ದಾರಗ ಬದಲಿ ಆತು. ಯಾವ ಊರಿಗೆ ಅಂತ ನಾ ಕೇಳಲಿಲ್ಲ.’ ನನ್ನ ಕಡೆ ತಿರುಗಿದರು. ‘ಇಲಾಖೆ ಕೆಟ್ಟದ್ದಿರಲಿಲ್ಲವಾ. ರಾಜಸ್ಥಾನದ ಉಸುಕಿನಾಗ, ಹಿಮದಾಗ, ನೂರಾರು ಮಂದಿಗೆ ದಿನಾ ನೀರು ಮುಟ್ಟಿಸೀವಿ ನಾವು. ಒಂದ ಒಂದು ಸಲ ಎರಡು ಚೌಕದ ನಡುವ ಒಂದು ಹುಡುಗಿ ಬಿದ್ದಳು. ನಿನಗ ನಾ ಸಮಾಧಾನ ಹೇಳೂದಿಲ್ಲ. ಆ ಮಗು ಉಳೀಲಿ ಅಂತ ಬೇಡ್ಕೋ. ಉಳದ ಮ್ಯಾಲ ಹೋಗಿ ಹೇಳು. ಅದು ನಿನ್ನ ಕೆಲಸ, ನಾ ಮಾಡಾಕ ಬರೂದಿಲ್ಲ.’

ಮಗು ಉಳಿಯಿತು. ಐದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂತು. ಮಗುವಿನ ತಾಯಿಯ ಹೆಸರು ಜರ್ಮಿನಾ. ಕಾಬೂಲಿನ ಕಡೆಯವಳು, ಪೇಶಾವರದಲ್ಲಿ ಬೆಳೆದು ಉರ್ದು ಕಲಿತವಳು. ಗಂಡ ಅಮೆರಿಕದವರೆಗೂ ಟ್ರಕ್ ಓಡಿಸುತ್ತ ವಾರಗಟ್ಟಲೆ ಹೊರಗಿರುತ್ತಿದ್ದ. ಇದೆಲ್ಲ ನನಗೆ ಗೊತ್ತಾದದ್ದು ವಿದ್ಯಾಕ್ಕನಿಂದ. ನಾನು ಹೋಗಿ ಹೇಳಲಿಲ್ಲ. ಜೂನ್ ಕಳೆಯಿತು, ಜುಲೈ ಕಳೆಯಿತು. ಲಿಫ್ಟಿನಲ್ಲಿ ಆ ತಳ್ಳುಗಾಡಿ ಕಂಡರೆ ಮೆಟ್ಟಿಲು ಹಿಡಿಯುತ್ತಿದ್ದೆ. ಒಂದು ದಿನ ಜರ್ಮಿನಾ ನಮ್ಮ ಮನೆಗೇ ಬಂದಳು. ಆಲೂಗಡ್ಡೆ ತುಂಬಿ ಬೇಯಿಸಿದ ರೊಟ್ಟಿಗಳನ್ನು ಕಾಕಾನಿಗೆ ಕೊಟ್ಟು, ನೀವು ಕಟ್ಟಡವನ್ನೇ ಉಳಿಸಿದಿರಿ ಎಂದಳು. ನಾನು ಕೋಣೆಯ ಬಾಗಿಲ ಹಿಂದೆ ನಿಂತಿದ್ದೆ. ಕಾಕಾ ಆ ರೊಟ್ಟಿಯಲ್ಲಿ ಒಂದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟು ಹೋದರು.

ಅಸೈನ್‌ಮೆಂಟ್ ಬರೆದು ಕೊಟ್ಟೆ. ಕಾಕಾ ಬಿಡಿಸಿದ ನಕ್ಷೆಯನ್ನೇ ಕಂಪ್ಯೂಟರಿನಲ್ಲಿ ಬರೆದು, ಜೂನಿಯರ್ ಇಂಜಿನಿಯರನ ಕೆಳಗೆ ವಾಲ್ವ್‌ಮ್ಯಾನನಿಗೊಂದು ಚೌಕ, ಅವನ ಕೆಳಗೆ ನಲ್ಲಿಯ ಮುಂದೆ ನಿಂತವರಿಗೊಂದು ಚೌಕ ಹಾಕಿದ್ದೆ. ಯಾವ ಸಂಸ್ಥೆಯ ನಕ್ಷೆಯಲ್ಲೂ ಆ ಕೊನೆಯ ಚೌಕ ಇರುವುದಿಲ್ಲ, ಇದನ್ನು ಯಾರಿಂದ ಕಲಿತೆ ಎಂದು ಮೇಷ್ಟ್ರು ಕೇಳಿದರು. ಒಳ್ಳೆಯ ಮಾರ್ಕ್ಸ್ ಬಂದವು. ಕಾಕಾನಿಗೆ ಹೇಳಿದಾಗ ಖುಷಿಪಟ್ಟರು. ಅಷ್ಟರಲ್ಲಿ ಅವರಿಗೂ ಕೆಲಸ ಹುಟ್ಟಿಕೊಂಡಿತ್ತು. ಡೆಸ್ಮಂಡ್ ದಿನಾ ಬೆಳಿಗ್ಗೆ ಅವರನ್ನು ಪಂಪಿನ ಕೋಣೆಗೆ ಕರೆಯುತ್ತಿದ್ದ. ಒಬ್ಬನದು ಗಯಾನಾದ ಇಂಗ್ಲಿಷು, ಇನ್ನೊಬ್ಬರದು ಬೆಳಗಾವಿಯ ಹಿಂದಿ, ಆದರೂ ಇಬ್ಬರೂ ತಾಸುಗಟ್ಟಲೆ ಮಾತಾಡುತ್ತಿದ್ದರು.

ಆಗಸ್ಟಿನ ಕೊನೆಯ ಭಾನುವಾರ ಕಾಕಾ ಊರಿಗೆ ಹೊರಟರು. ಮೀರಾ ವಿಮಾನ ನಿಲ್ದಾಣದಲ್ಲಿ ಅಜ್ಜನ ಕೊರಳು ಬಿಡಲಿಲ್ಲ. ‘ಹೋಗಬ್ಯಾಡ ಅಜ್ಜಾ’ ಎಂದು ಕನ್ನಡದಲ್ಲೇ ಅತ್ತಳು. ವಿದ್ಯಾಕ್ಕ ಅವಳನ್ನು ಎತ್ತಿಕೊಂಡು ಪಕ್ಕಕ್ಕೆ ಹೋದಾಗ ನಾನು ಕಾಕಾನ ಕಾಲು ಮುಟ್ಟಿದೆ.

‘ನನಗ ಆ ಹವಾಲ್ದಾರನ ಊರು ಗೊತ್ತಿಲ್ಲ’ ಎಂದರು ಅವರು. ‘ನಿನಗ ಬರೇ ಹತ್ತ ಮಜಲಿ ಮ್ಯಾಲ.’

ಬಸ್ಸಿನಲ್ಲಿ ಬಂದು, ಬಟ್ಟೆ ಕೂಡ ಬದಲಿಸದೆ ೧೬೦೯ರ ಬಾಗಿಲು ಬಡಿದೆ. ಈ ಸಲ ಕೂಡಲೇ ತೆರೆಯಿತು. ಜರ್ಮಿನಾ ನನಗಿಂತ ಚಿಕ್ಕವಳು, ಹೆಗಲ ಮೇಲೆ ಮಗು. ಒಳಗೆ ಕರೆದು ಕೂರಿಸಿ ಚಹಾ ಇಡಲು ಹೊರಟಳು. ಬೇಡ ಎಂದು ತಡೆದು, ನಿಂತೇ ಹೇಳಿದೆ, ನನಗೆ ಬರುವ ಹಿಂದಿಯಲ್ಲಿ. ಆ ಸಂಜೆ ಬಾಗಿಲು ಬಡಿದಿದ್ದೆ. ನೀನು ತೆರೆಯಲಿಲ್ಲ. ಮಗು ಇರುವ ಮನೆ ಎಂದು ತಳ್ಳುಗಾಡಿ ನೋಡಿ ನನಗೆ ಗೊತ್ತಾಗಿತ್ತು. ಮತ್ತೆ ಬರಲಿಲ್ಲ. ಹಾಳೆಯಲ್ಲಿ ಹೇಳಿದ್ದೇನೆ ಎಂದು ಸುಳ್ಳು ಬರೆದೆ.

ಜರ್ಮಿನಾ ಮೆಲ್ಲನೆ ಕುರ್ಚಿಯ ಮೇಲೆ ಕೂತಳು.

‘ನಾನು ನಿದ್ದೆ ಹೋಗಿದ್ದೆ’ ಎಂದಳು. ‘ಎರಡು ರಾತ್ರಿ ಮಲಗಿರಲಿಲ್ಲ.’ ಮಗುವಿನ ಬೆನ್ನು ತಟ್ಟುತ್ತ ಮುಂದುವರಿಸಿದಳು: ‘ಆಸ್ಪತ್ರೆಗೆ ಆರೋಗ್ಯ ಇಲಾಖೆಯ ನರ್ಸ್ ಬಂದಿದ್ದಳು. ಅವಳ ಹತ್ತಿರ ಆ ಹಾಳೆ ಇತ್ತು. ನಿಮ್ಮ ಮನೆಗೆ ಹೇಳಿದ್ದಾರೆ ಅಂತ ಇದೆಯಲ್ಲ ಅಂದಳು. ನನ್ನ ಗಂಡ ಅಲ್ಲೇ ಇದ್ದ. ನನಗೆ ನೆನಪಿಲ್ಲ ಅಂದೆ. ಹೇಳಿದ್ದನ್ನು ನೀನು ಹೇಗೆ ಮರೆತೆ ಅಂತ ಕೇಳಿದ. ಮೂರು ತಿಂಗಳಿಂದ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಯಾರೋ ಬಂದು ಹೇಳಿರಬೇಕು, ನಿದ್ದೆಗಣ್ಣಿನಲ್ಲಿ ಹೂಂ ಅಂದಿರಬೇಕು, ಆಮೇಲೆ ನಾನೇ ಎದ್ದು ಆ ನೀರು ಕಲಸಿರಬೇಕು ಅಂತ. ನನ್ನ ತಲೆ ಕೆಟ್ಟಿದೆ ಅಂದುಕೊಂಡಿದ್ದೆ.’

ನನ್ನ ಒಂದು ಟಿಕ್ ಮಾರ್ಕು ಅಷ್ಟು ದೂರ ಹೋಗಿತ್ತು ಎಂದು ನನಗೆ ತಿಳಿದೇ ಇರಲಿಲ್ಲ. ಮಗುವಿನ ಕಾಯಿಲೆಯೊಂದೇ ನನ್ನ ತಪ್ಪು ಅಂದುಕೊಂಡಿದ್ದೆ. ಕ್ಷಮಿಸು ಎಂದು ಹೇಳಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು. ಫೋನ್ ತೆಗೆದು ಗಂಡನಿಗೆ ವಿಡಿಯೋ ಕರೆ ಮಾಡಿ ನನ್ನ ಕೈಗೆ ಕೊಟ್ಟಳು.

‘ಇವನಿಗೆ ಹೇಳು. ನನಗೆ ಹೇಳಿದಂತೆಯೇ, ಎಲ್ಲ.’

ಪರದೆಯ ಮೇಲೆ ಗಡ್ಡದ ಯುವಕ, ಅವನ ಹಿಂದೆ ಟ್ರಕ್ಕಿನ ಕಿಟಕಿ, ಎಲ್ಲೋ ಒಂದು ಹೆದ್ದಾರಿಯ ತಂಗುದಾಣ. ಹೇಳಿದೆ. ಏನನ್ನೂ ಬಿಡಲಿಲ್ಲ. ತಳ್ಳುಗಾಡಿಯ ಮಾತಿಗೆ ಬಂದಾಗ ಅವನು ಕಣ್ಣು ಮುಚ್ಚಿಕೊಂಡ. ಮುಗಿದ ಮೇಲೆ ‘ಜರ್ಮಿನಾಗೆ ಕೊಡಿ’ ಎಂದ.

ಅವಳಿಗೆ ಫೋನ್ ಚಾಚಿದೆ. ಅವರ ಭಾಷೆಯಲ್ಲಿ ಅವನು ಒಂದೇ ಮಾತನ್ನು ಮತ್ತೆ ಮತ್ತೆ ಹೇಳತೊಡಗಿದ. ಜರ್ಮಿನಾಳ ಗಲ್ಲದ ಮೇಲೆ ನೀರು ಇಳಿಯಿತು. ಅವಳು ಮಗುವನ್ನು ಹೆಗಲಿಂದ ಇಳಿಸಿ, ಎಲ್ಲಿಡಲಿ ಎಂದು ಒಂದು ಕ್ಷಣ ಸುತ್ತ ನೋಡಿ, ನನ್ನ ತೋಳಿಗೆ ಕೊಟ್ಟಳು. ಎರಡೂ ಕೈಯಲ್ಲಿ ಫೋನ್ ಹಿಡಿದು ಕಿಟಕಿಯ ಕಡೆಗೆ ನಡೆದಳು. ನಾನು ಮಗುವಿನ ತಲೆಗೆ ಕೈ ಆಸರೆ ಕೊಟ್ಟು, ಅವರ ಮಾತು ಮುಗಿಯುವವರೆಗೂ ಅಲುಗಾಡದೆ ನಿಂತಿದ್ದೆ.